ಒಡಲು ಹತ್ತಿ, ಆಸೆ ರೇಷ್ಮಿ

ನಾರಾಯಣಪೇಟೆಯ ನೇಕಾರರ ಓಣಿಯ ಜಗಲಿಯೊಂದಕ್ಕೆ ಕರಿ ಬಣ್ಣದ ಹಳೆ ಅಟ್ಲಾಸ್ ಸೈಕಲ್ಲು ಒರಗಿ ನಿಂತಿದೆ. ಐವತ್ತರ ಅಂಚಿನ ಮಾಲೀಕರು ಕಾಲೇಜು ಬಿಟ್ಟಾಗ ಇದನ್ನೂ ಬಿಟ್ಟಿದ್ದರು. ಈಗ ಗದ್ವಾಲ್‌ವರೆಗೆ ತುಳಿಯುವ ಹುರುಪು. ಅವರು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಒಳಗೆ ಹೋದ ಹೊತ್ತಿನಲ್ಲಿ ಸೈಕಲ್ಲನ್ನು ಮಾತಾಡಿಸಿದೆವು.

ನಾವು: ಆರಾಮ ಇದ್ದೀರಾ?

ಸೈಕಲ್ಲು: ಇದ್ದೆರೀ, ಅವರು ಆ ವಿಡಿಯೊ ನೋಡೂತನ. ಪ್ಯಾರಿಸ್ಸಿಂದ ಬ್ರೆಸ್ಟಿಗೆ ಹೋಗಿ ತಿರುಗಿ ಬರೂದಂತ, 1200 ಕಿಲೊಮೀಟರು, 90 ತಾಸು. ಮರುವಾರ ಹೆಲ್ಮೆಟ್ಟು, ಕೈಗವಸು, ಬಿಗಿ ಚಡ್ಡಿ ಬಂದವು. ನನ್ನ ಚೈನಿಗೆ ಒಂದು ಹನಿ ಎಣ್ಣಿ ಬರಲಿಲ್ಲ.

ನಾವು: ತಯಾರಿ ಎಲ್ಲಿಗೆ ಬಂತು?

ಸೈಕಲ್ಲು: ಬಿಆರ್‌ಎಂ ಅಂತ ದೂರದ ಸವಾರಿ ಅದರೀ, 200 ಕಿಲೊಮೀಟರು ಹದಿಮೂರುವರೆ ತಾಸಿನಾಗ ಮುಗಿಸಬೇಕು. "ಅದು ಸಣ್ಣದು" ಅಂತಾರ. ಮಕ್ತಲ್ ಇಲ್ಲಿಂದ ಮೂವತ್ತು ಕಿಲೊಮೀಟರಿನ ಆಸುಪಾಸು, ಅದನ್ನೇ ಮುಟ್ಟಿಲ್ಲ. ಗದ್ವಾಲ್ ನೋಡ್ರಿ: 1956ರ ತನಕ ರಾಯಚೂರು ಜಿಲ್ಲಾ, ಆಮ್ಯಾಲೆ ಮಹಬೂಬನಗರ, 2016ಕ್ಕ ತಾನೇ ಒಂದು ಜಿಲ್ಲಾ. ಕುಂತಲ್ಲೇ ಕುಂತು ಮೂರು ಜಿಲ್ಲಾ ತಿರುಗ್ಯದ. ನಮ್ಮವರು ಪೆಟ್ರೋಲ್ ಬಂಕ್ ದಾಟಿದ್ರ ದಾಟಿದ್ರು.

ನಾವು: ವಯಸ್ಸು ಅಡ್ಡ ಬರುತ್ತಿದೆಯೇ?

ಸೈಕಲ್ಲು: ವಯಸ್ಸಲ್ಲ, ಅವಸರ. ಉಸಿರು ಕೆಲವು ವಾರದಾಗ ಹದಕ್ಕ ಬರ್ತದ, ಮೊಣಕಾಲಿನ ಕಟ್ಟು ಗಟ್ಟಿಯಾಗಾಕ ತಿಂಗಳುಗಟ್ಲೆ ಬೇಕು. ಉಸಿರು ಬಂತಂತ ಇವರು ಓಡಸ್ತಾರ, ಮೊಣಕಾಲು ಮುನಿಸ್ಕೊಂಡು ಕೂಡ್ತದ. ಗದ್ವಾಲ್ ಸೀರಿ ಒಡಲು ಹತ್ತಿ, ಅಂಚು-ಸೆರಗು ರೇಷ್ಮಿ. ನೇಕಾರ ಎರಡನ್ನೂ ಎಳಿಗೆ ಎಳಿ ಕೂಡಸ್ತಾನ. ಇವರದೂ ಒಡಲು ಹತ್ತಿ, ಆಸೆ ರೇಷ್ಮಿ. ಕೂಡಸೂ ಪುರಸೊತ್ತಿಲ್ಲ.

ನಾವು: ನೀವು ಗುರುವಾದರೆ ಏನು ಹೇಳುತ್ತೀರಿ?

ಸೈಕಲ್ಲು: ಮೊದಲು ಸೀಟು ಎತ್ತರಪ್ಪ! ಬೀಳೂ ಹೆದರಿಕಿಗೆ ತಳಕ್ಕ ಇಳಿಸ್ಯಾರ, ಮೊಣಕಾಲು ಎದಿಗೆ ಬಡೀತದ. ಪೆಡಲು ತಳದಾಗಿದ್ದಾಗ ಹಿಮ್ಮಡ ಇಟ್ರ ಕಾಲು ನೆಟ್ಟಗಾಗಬೇಕು, ಲೆಕ್ಕ ಇಷ್ಟೇ. ವಾರದಾಗ ಎರಡು ದಿನ ಅರ್ಧ ತಾಸು, ಐತಾರ ಒಂದು ಉದ್ದ ಸವಾರಿ. ಅದನ್ನ ವಾರಕ್ಕ ನಾಕೈದು ಕಿಲೊಮೀಟರು ಬೆಳಸಬೇಕು, ನಾಕನೇ ವಾರ ಇಳಸಬೇಕು. ಇಳಸೂದಂದ್ರ ಇವರಿಗೆ ಮರ್ಯಾದಿ ಹೋಧಂಗ. ಹಸಿವಾಗೂ ಮೊದಲೇ ತಿನ್ನಬೇಕು. ಬ್ಯಾಸಗ್ಯಾಗ ಒಂಬತ್ತು ಹೊಡಿಯೂದ್ರಾಗ ಮನಿ ಸೇರಬೇಕು; ಇವರು ಒಂಬತ್ತಕ್ಕ ಚಹಾ ಕುಡೀತಾ ಇರ್ತಾರ.

ನಾವು: ಗಾಳಿಯ ಕಾಟ?

ಸೈಕಲ್ಲು: ಆಷಾಢದಾಗ ಪಡುವಣ ಗಾಳಿ. ಮೂಡಣಕ್ಕ ಮರಿಕಲ್ ದಾರಿ ಹಿಡಿದ್ರ ಬೆನ್ನು ನೂಕ್ತದ. ಅದನ್ನ ತಮ್ಮ ತೊಡಿ ಬಲ ಅಂತ ತಿಳೀತಾರ. ತಿರುಗಿ ಬರೂಮುಂದ ಅದೇ ಗಾಳಿ ಎದಿಗೆ ಬಂದ್ರ, ಬೈಗುಳ ನನಗ.

ನಾವು: ನಿಮ್ಮ ತವರಿನ ಸುದ್ದಿ?

ಸೈಕಲ್ಲು: 2020ರ ಜೂನ್ 3, ವಿಶ್ವ ಸೈಕಲ್ ದಿನ. ಅವತ್ತೇ ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನಿ ಬಾಗಲಾ ಮುಚ್ಚಿದ್ರು. ಬ್ಯಾರೆ ಕೇಳ್ರಿ.

ನಾವು: ಈ ಐತಾರ ಎಲ್ಲಿಗೆ?

ಸೈಕಲ್ಲು: ಮಕ್ತಲ್ ಅಂತ್ರಿ. ಹೋದ ಸಲ ಅರ್ಧ ದಾರಿಯಿಂದ ಆಟೊದ ಮ್ಯಾಲೆ ಕಟ್ಟಿ ತಂದಾಗ ಮಡ್‌ಗಾರ್ಡು ಸೊಟ್ಟ ಆಗ್ಯದ. ಈ ಸಲ ಒಳ್ಳೆ ಹಗ್ಗ ಒಂದು ಮೊದಲೇ ಕ್ಯಾರಿಯರಿಗೆ ಕಟ್ಟಿಕೊಳ್ಳಂತ ಹೇಳ್ರಿ.