ಲೆಕ್ಕ ಕೇಳದ ಸಭೆಯನ್ನು ಕಟ್ಟುವ ಬಗೆ

(ಹೆಸರುವಾಸಿ ಪಾಸ್ಟರುಗಳ ಬಳಕೆಗೆ ಕೈಪಿಡಿ. ಅಮೆರಿಕ ಆವೃತ್ತಿ.)

ಅಭಿನಂದನೆಗಳು, ಪಾಸ್ಟರ್. ನಿಮ್ಮ ಪ್ರಸಂಗ ಕೇಳಲು ಜನ ಕಿಕ್ಕಿರಿಯುತ್ತಿದ್ದಾರೆ, ಟೀವಿಯಲ್ಲಿ ನಿಮ್ಮ ಮುಖ ಬರುತ್ತಿದೆ, ಕಾಣಿಕೆ ಎಣಿಸಿ ಮುಗಿಸಲು ಹಳೆಯ ಖಜಾಂಚಿಗೆ ಭಾನುವಾರದ ಸಂಜೆ ಸಾಲುತ್ತಿಲ್ಲ. ಇಂಥ ಹೊತ್ತಿನಲ್ಲಿ ಕೆಲವು ದೇವಸೇವಕರು ಗಾಬರಿಬಿದ್ದು, ಊರಿನವರೆದುರು ಲೆಕ್ಕಪತ್ರ ಬಿಚ್ಚಿಟ್ಟುಬಿಡುತ್ತಾರೆ. ದಯವಿಟ್ಟು ದುಡುಕಬೇಡಿ. ಈ ಕೈಪಿಡಿಯನ್ನು ಪೂರ್ತಿ ಓದಿ. ಇದು ಕಳ್ಳತನ ಕಲಿಸುವುದಿಲ್ಲ. ಕಳ್ಳತನದಲ್ಲಿ ಅಪಾಯವಿದೆ, ಮೇಲಾಗಿ ಅದರ ಅಗತ್ಯವೂ ಇಲ್ಲ.

ಅಳವಡಿಸುವ ಜಾಗ

ಅಮೆರಿಕಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಅಲ್ಲಿ ಒಂದು ಸಾಧಾರಣ ದತ್ತಿ ಸಂಸ್ಥೆ ಪ್ರತಿವರ್ಷ ಫಾರ್ಮ್ 990 ಎಂಬ ಕಾಗದ ತುಂಬಬೇಕು. ಎಷ್ಟು ಬಂತು, ಎಷ್ಟು ಹೋಯಿತು, ಮುಖ್ಯಸ್ಥರ ಸಂಬಳವೆಷ್ಟು ಎಲ್ಲವೂ ಅದರಲ್ಲಿರಬೇಕು. ಅದನ್ನು ಯಾರು ಬೇಕಾದರೂ ತರಿಸಿ ಓದಬಹುದು. ಚರ್ಚ್‌ಗೆ ಆ ಕಾಟವಿಲ್ಲ. ತೆರಿಗೆ ವಿನಾಯಿತಿಗೆ ಅರ್ಜಿ ಕೂಡ ಹಾಕಬೇಕಾಗಿಲ್ಲ, ಅದು ತಾನಾಗಿ ಬರುತ್ತದೆ. ಹಾಗಾಗಿ ನಿಮ್ಮದು ಬರೀ ಟೀವಿ ಕಾರ್ಯಕ್ರಮವಾಗಿದ್ದರೆ ತಡಮಾಡದೆ ಚರ್ಚ್ ಅನ್ನಿಸಿಕೊಳ್ಳಿ.

ಅನುಮಾನ ಬಂದ ತೆರಿಗೆ ಇಲಾಖೆಯವರು ನೇರವಾಗಿ ಬಂದು ಬಾಗಿಲು ಬಡಿಯುವಂತಿಲ್ಲ. 1984ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಖಜಾನೆಯ ಹಿರಿಯ ಅಧಿಕಾರಿಯೊಬ್ಬರು ತಮ್ಮ ಶಂಕೆಗೆ ಕಾರಣವಿದೆಯೆಂದು ಬರವಣಿಗೆಯಲ್ಲಿ ಒಪ್ಪಿದ ಮೇಲಷ್ಟೇ ವಿಚಾರಣೆ ಶುರುವಾಗಬೇಕು. ಇದರ ಜತೆಗೆ ವಸತಿ ಭತ್ಯೆಯಿದೆ. ಪಾಸ್ಟರಿಗೆ ಮನೆಗೆಂದು ಸಭೆ ಕೊಡುವ ಹಣಕ್ಕೆ ಆದಾಯ ತೆರಿಗೆಯಿಲ್ಲ. ಆ ಮನೆಯ ಬಾಡಿಗೆ ಬೆಲೆಯೇ ಅದಕ್ಕಿರುವ ಮಿತಿ. ಮನೆ ದೊಡ್ಡದಾದಷ್ಟೂ ಮಿತಿಯೂ ದೊಡ್ಡದಾಗುತ್ತದೆ. ಇದನ್ನು ಪ್ರಶ್ನಿಸಿದವರು 2019ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿದ್ದಾರೆ.

ಜೋಡಣೆ

ಆಡಳಿತ ಮಂಡಳಿ ಬೇಕೇ ಬೇಕು. ಹೆಂಡತಿ, ಮಗ, ಅಳಿಯ ಇಷ್ಟನ್ನೇ ಜೋಡಿಸಿದರೆ ಪತ್ರಿಕೆಯವರು ನಗುತ್ತಾರೆ. ಅದು ಹಳೆಯ ಕಾಲದ ಕೆಲಸ. ಬೇರೆ ಊರಿನ ಬೇರೆ ಹೆಸರುವಾಸಿ ಪಾಸ್ಟರುಗಳನ್ನು ಕೂರಿಸಿ. ಅವರು ನಿಮ್ಮ ಸಂಬಳ ಗೊತ್ತುಮಾಡಲಿ, ನೀವು ಅವರದನ್ನು. ಅವರ ಸಮ್ಮೇಳನಕ್ಕೆ ನೀವು ಹೋಗಿ ಗೌರವಧನ ತೆಗೆದುಕೊಳ್ಳಿ, ಮುಂದಿನ ತಿಂಗಳು ಅವರನ್ನು ಕರೆಸಿ ಕೊಡಿ. ಇದನ್ನು ಸ್ವತಂತ್ರ ಮಂಡಳಿ ಎನ್ನಬಹುದು, ಕಾನೂನು ಅಡ್ಡಬರುವುದಿಲ್ಲ. ಸದಸ್ಯರಿಗೆ ಮತದಾನದ ಹಕ್ಕು ಕೊಡಬೇಡಿ. ದಶಮಾಂಶ ಕೊಡುವುದು ಸದಸ್ಯರ ಕೆಲಸ.

ಪುಸ್ತಕ ಬರೆಯುವವರಿಗೆ ಒಂದು ಮಾತು. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚ್ ತನ್ನ ಪಾಸ್ಟರ್ ಮಾರ್ಕ್ ಡ್ರಿಸ್ಕಾಲ್‌ರ ಪುಸ್ತಕವನ್ನು ಬೆಸ್ಟ್ ಸೆಲ್ಲರ್ ಪಟ್ಟಿಗೆ ಹತ್ತಿಸಲು ಒಂದು ಕಂಪನಿಯ ಜತೆ ಸುಮಾರು 2 ಲಕ್ಷ 10 ಸಾವಿರ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತ್ತು. ಪುಸ್ತಕ ಪಟ್ಟಿಗೆ ಹತ್ತಿತು. 2014ರಲ್ಲಿ ಒಪ್ಪಂದದ ಪ್ರತಿ ಪತ್ರಿಕೆಯೊಂದಕ್ಕೆ ಸಿಕ್ಕಿತು. ಬೇರೆ ದೂರುಗಳೂ ಸೇರಿ, ಆ ವರ್ಷ ಮುಗಿಯುವುದರೊಳಗೆ ಪಾಸ್ಟರೂ ಇರಲಿಲ್ಲ, ಸಭೆಯೂ ಉಳಿಯಲಿಲ್ಲ. ಇಂಥ ಒಪ್ಪಂದಗಳಿಗೆ ಸಹಿ ಹಾಕುವಾಗ ಜೆರಾಕ್ಸ್ ಮಷಿನ್‌ಗೆ ಬೀಗ ಹಾಕಿಸಿ.

ಬಹುಮುಖ್ಯ ಎಚ್ಚರಿಕೆ: ಎಣಿಸಲು ಬರುವಂಥದ್ದನ್ನು ಕೊಡುತ್ತೇನೆಂದು ಮಾತು ಕೊಡಬೇಡಿ

ಕೈಪಿಡಿಯಲ್ಲಿ ಬೇರೇನನ್ನು ಮರೆತರೂ ಈ ಪುಟವನ್ನು ಮರೆಯಬಾರದು.

ಜಿಮ್ ಬೇಕರ್ ನಿಮಗಿಂತ ದೊಡ್ಡ ಹೆಸರು. ಅವರ ಪಿಟಿಎಲ್ ವಾಹಿನಿ ದೇಶದ ಮೂಲೆಮೂಲೆ ತಲುಪುತ್ತಿತ್ತು. ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ ಹೆರಿಟೇಜ್ ಯುಎಸ್ಎ ಎಂಬ ಕ್ರೈಸ್ತ ವಿಹಾರಧಾಮವನ್ನೇ ಕಟ್ಟಿದ್ದರು. ಹಣ ಬೇಕಾದಾಗ ಅವರು ಒಂದು ಲೋಪ ಮಾಡಿದರು. ಸಾವಿರ ಡಾಲರ್ ಕೊಟ್ಟರೆ ಪ್ರತಿವರ್ಷ ಮೂರು ರಾತ್ರಿ ಹೋಟೆಲಿನಲ್ಲಿ ಉಚಿತ ವಾಸ, ಅದೂ ಜೀವಮಾನವಿಡೀ ಎಂದರು. ಹತ್ತಾರು ಸಾವಿರ ಜನ ಕೊಟ್ಟರು. ಕೋಣೆಗಳನ್ನು ಎಣಿಸಬಹುದು, ರಾತ್ರಿಗಳನ್ನು ಎಣಿಸಬಹುದು, ಕೊಟ್ಟವರ ಪಟ್ಟಿಯೂ ಇತ್ತು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಲು ಸರ್ಕಾರಿ ವಕೀಲರಿಗೆ ಧರ್ಮಶಾಸ್ತ್ರವೇನೂ ಬೇಕಾಗಲಿಲ್ಲ. 1989ರಲ್ಲಿ 24 ಆರೋಪಗಳು ಸಾಬೀತಾಗಿ 45 ವರ್ಷ ಸಜೆಯಾಯಿತು. ಆಮೇಲೆ ಅದು ಎಂಟಕ್ಕಿಳಿದು, 1994ರಲ್ಲಿ ಹೊರಬಂದರೆನ್ನಿ. ಅವರ ನಾಯಿಗೂಡಿಗೆ ಏರ್ ಕಂಡೀಷನ್ ಇತ್ತೆಂದು ಊರೆಲ್ಲ ಆಡಿಕೊಂಡಿತು, ಆದರೆ ಕೈಕೋಳ ಬಿದ್ದದ್ದು ಹೋಟೆಲ್ ಕೋಣೆಯ ಲೆಕ್ಕಕ್ಕೆ.

ಅವರ ನಂತರದವರು ಪಾಠ ಚೆನ್ನಾಗಿ ಕಲಿತರು. ಈಗ ಕೊಡುವ ಹಣವನ್ನು ಬೀಜ ಎನ್ನುತ್ತಾರೆ, ನೂರ್ಮಡಿ ಬೆಳೆ ಬರುತ್ತದೆ ಎನ್ನುತ್ತಾರೆ. ಯಾವ ಸುಗ್ಗಿಗೆ ಎಂದು ಮಾತ್ರ ಹೇಳುವುದಿಲ್ಲ. ಬೆಳೆ ಬಾರದಿದ್ದರೆ ಕೊಟ್ಟವಳ ವಿಶ್ವಾಸ ಕಡಿಮೆಯಾಯಿತು, ಇನ್ನೊಂದು ಬೀಜ ಬಿತ್ತಲಿ. ಇದನ್ನು ಯಾವ ನ್ಯಾಯಾಲಯ ಅಳೆಯುತ್ತದೆ? ಸಾಲ ತೀರಲಿ, ಗಡ್ಡೆ ಕರಗಲಿ ಎಂದು ಪಿಂಚಣಿಯ ಚೆಕ್ ಬರೆದುಕೊಟ್ಟ ಮುದುಕಿ ಹೋಟೆಲ್ ಕೋಣೆ ಕೇಳಿದ್ದರೆ ಅವಳಿಗೆ ಕಾನೂನಿನ ರಕ್ಷಣೆ ಇರುತ್ತಿತ್ತು. ಅವಳು ದೇವರ ಕೃಪೆ ಕೇಳಿದಳು. ನಿಮ್ಮ ಪುಣ್ಯ.

ವಿಮಾನ

ಬಚ್ಚಿಡಬೇಡಿ, ಬಹಿರಂಗವಾಗಿ ಕೇಳಿ. 2015ರಲ್ಲಿ ಅಟ್ಲಾಂಟಾ ಬಳಿಯ ಕ್ರೆಫ್ಲೋ ಡಾಲರ್ (ನಿಜವಾದ ಹೆಸರೇ ಇದು, ಕೈಪಿಡಿ ತಮಾಷೆ ಮಾಡುತ್ತಿಲ್ಲ) ಗಲ್ಫ್‌ಸ್ಟ್ರೀಮ್ ಜಿ650 ಕೊಳ್ಳಲು ಎರಡು ಲಕ್ಷ ಜನ ತಲಾ 300 ಡಾಲರ್ ಕೊಡಲಿ ಎಂದರು. 2018ರಲ್ಲಿ ಲೂಸಿಯಾನಾದ ಜೆಸ್ಸಿ ಡುಪ್ಲಾಂಟಿಸ್ 5 ಕೋಟಿ 40 ಲಕ್ಷ ಡಾಲರಿನ ಫಾಲ್ಕನ್ ಕೇಳಿದರು. ಯೇಸು ಇಂದು ಇದ್ದಿದ್ದರೆ ಕತ್ತೆಯ ಮೇಲೆ ಬರುತ್ತಿರಲಿಲ್ಲ ಎಂಬುದು ಅವರ ವಾದ. ಟೆಕ್ಸಸ್‌ನ ಕೆನೆತ್ ಕೋಪ್‌ಲ್ಯಾಂಡ್, ಜನ ತುಂಬಿದ ಸಾಮಾನ್ಯ ವಿಮಾನವನ್ನು ದೆವ್ವಗಳಿರುವ ಕೊಳವೆಗೆ ಹೋಲಿಸಿದವರು. ಇಕಾನಮಿ ಕ್ಲಾಸಿನಲ್ಲಿ ಮಗುವಿನೊಂದಿಗೆ ಪ್ರಯಾಣ ಮಾಡಿದವರು ಇದನ್ನು ಪೂರ್ತಿ ಅಲ್ಲಗಳೆಯಲಾರರು.

ಹೊರಗಿನವರು ಲೆಕ್ಕ ಕೇಳಿದರೆ

ಉತ್ತರಿಸದೆ ಇರಿ. 2007ರ ನವೆಂಬರಿನಲ್ಲಿ ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ ಆರು ಟೀವಿ ಸೇವೆಗಳಿಗೆ ಪತ್ರ ಬರೆದು ಲೆಕ್ಕ ಕೇಳಿದರು. ಡಾಲರ್, ಕೋಪ್‌ಲ್ಯಾಂಡ್ ಇಬ್ಬರೂ ಪಟ್ಟಿಯಲ್ಲಿದ್ದರು. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ, ಪ್ರತಿಭಟನೆಗಳ ನಡುವೆ, ಪ್ರಾರ್ಥನಾ ಸಭೆ ನಡೆಸಿಹೋದ ಬೆನ್ನಿ ಹಿನ್ ಕೂಡ ಇದ್ದರು. ಹಿನ್ ಮತ್ತು ಜಾಯ್ಸ್ ಮೇಯರ್ ಉತ್ತರ ಕೊಟ್ಟು ತಮ್ಮ ಆಡಳಿತದಲ್ಲಿ ಬದಲಾವಣೆ ಮಾಡಿಕೊಂಡೆವೆಂದರು. ಉಳಿದ ನಾಲ್ವರು ಅರೆಬರೆ ಕೊಟ್ಟರು ಇಲ್ಲವೇ ಕೊಡಲೇ ಇಲ್ಲ. 2011ರಲ್ಲಿ ತನಿಖೆ ಮುಗಿಯಿತು. ಕೊಟ್ಟವರಿಗೂ ಕೊಡದವರಿಗೂ ಸಿಕ್ಕ ಫಲ ಒಂದೇ: ದಂಡವಿಲ್ಲ, ಸಮನ್ಸ್ ಇಲ್ಲ, ನೀವು ನೀವೇ ಶಿಸ್ತು ಕಲಿಯಿರಿ ಎಂಬ ಸಲಹೆ.

ಆ ಶಿಸ್ತಿಗೆ ಒಂದು ಸಂಘವೂ ಇದೆ. 1979ರಲ್ಲಿ ಹುಟ್ಟಿದ ಇಸಿಎಫ್ಎ ಎಂಬುದು ಲೆಕ್ಕ ಸರಿಯಿರುವ ಸೇವೆಗಳಿಗೆ ಕುಕ್ಕರ್ ಮೇಲಿನ ಐಎಸ್ಐ ಗುರುತಿನಂಥ ಮುದ್ರೆ ಕೊಡುತ್ತದೆ. ಪಡೆಯುವುದು ನಿಮ್ಮಿಷ್ಟ. ಶಿಕಾಗೋ ಹೊರವಲಯದ ಹಾರ್ವೆಸ್ಟ್ ಬೈಬಲ್ ಚಾಪೆಲ್‌ಗೆ ಆ ಮುದ್ರೆಯಿತ್ತು. 2019ರಲ್ಲಿ ಅದರ ಪಾಸ್ಟರ್ ಮಾಡಿದ ಖರ್ಚುಗಳು ಬಯಲಿಗೆ ಬಿದ್ದ ಮೇಲೆ ಸಂಘ ಮುದ್ರೆಯನ್ನು ಹಿಂದೆಗೆದುಕೊಂಡಿತು. ಬಯಲಿಗೆಳೆದವರು ಸಂಘದವರಲ್ಲ, ಪತ್ರಕರ್ತರು.

ನಿಲ್ಲಿಸಲಾದ ಮಾದರಿ

ಬಿಲ್ಲಿ ಗ್ರಹಾಂ, 1950. ಅಟ್ಲಾಂಟಾದ ಸಭೆ ಮುಗಿದ ಮೇಲೆ ಪತ್ರಿಕೆಯೊಂದು ಕೈಬೀಸುತ್ತಿರುವ ಗ್ರಹಾಂ ಮತ್ತು ಕಾಣಿಕೆ ಮೂಟೆಗಳ ಚಿತ್ರಗಳನ್ನು ಒಟ್ಟಿಗೆ ಅಚ್ಚುಹಾಕಿತು. ನಾಚಿಕೆಯಾದ ಆತ ಕಾಣಿಕೆಯಲ್ಲಿ ಪಾಲು ತೆಗೆದುಕೊಳ್ಳುವುದು ಬಿಟ್ಟು, ಒಂದು ಸಂಸ್ಥೆ ಕಟ್ಟಿ ಅದರಿಂದ ಗೊತ್ತಾದ ಸಂಬಳಕ್ಕೆ ಒಗ್ಗಿಕೊಂಡರು. ಆ ಮಾದರಿಗೆ ನಾಚಿಕೆ ಎಂಬ ಬಿಡಿಭಾಗ ಬೇಕು, ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ.

ಹೊಂದಿಕೆಯಾಗದ ಪ್ರದೇಶ

ಸಿಂಗಪುರ. ಅಲ್ಲಿ ದತ್ತಿ ಸಂಸ್ಥೆಗಳಿಗೊಬ್ಬ ಕಮಿಷನರ್ ಇದ್ದಾರೆ, ಚರ್ಚ್ ಕೂಡ ಅವರಿಗೆ ಲೆಕ್ಕ ಒಪ್ಪಿಸಬೇಕು. ಸಿಟಿ ಹಾರ್ವೆಸ್ಟ್ ಚರ್ಚಿನ ಕಾಂಗ್ ಹೀ ಮತ್ತು ಸಂಗಡಿಗರು, ಕಾಂಗ್‌ರ ಹೆಂಡತಿ ಸನ್ ಹೋ ಹಾಲಿವುಡ್‌ನಲ್ಲಿ ಪಾಪ್ ಗಾಯಕಿಯಾದರೆ ಸುವಾರ್ತೆ ಹರಡುತ್ತದೆಂದು, ಕಟ್ಟಡ ನಿಧಿಯನ್ನು ಹುಸಿ ಬಾಂಡ್‌ಗಳಲ್ಲಿ ತೊಡಗಿಸಿದರು. ಅದನ್ನು ಮುಚ್ಚಲು ಮತ್ತಷ್ಟು ಹಣ ಸುತ್ತಾಡಿಸಿದರು. ಒಟ್ಟು 5 ಕೋಟಿ ಸಿಂಗಪುರ ಡಾಲರ್. 2015ರಲ್ಲಿ ಆರು ಜನರ ಮೇಲಿನ ಆರೋಪ ಸಾಬೀತಾಯಿತು. ಕಾಂಗ್‌ಗೆ ಎಂಟು ವರ್ಷ ಸಜೆ, ಮೇಲ್ಮನವಿಯಲ್ಲಿ ಮೂರೂವರೆ. ಗಮನಿಸಿ, ಭಕ್ತರಲ್ಲಿ ಬಹಳ ಜನ ಕೊನೆಯವರೆಗೂ ಪಾಸ್ಟರ ಜತೆಗೇ ನಿಂತರು. ಅಲ್ಲಿ ಕೆಟ್ಟದ್ದು ಅಳವಡಿಸಿದ ಜಾಗವಷ್ಟೇ.

ಗ್ರಾಹಕ ಸೇವೆ

ಡಲ್ಲಾಸ್‌ನ ಟ್ರಿನಿಟಿ ಫೌಂಡೇಷನ್ ಎಂಬ ಸಣ್ಣ ಕ್ರೈಸ್ತ ಗುಂಪು ಟೀವಿ ಬೋಧಕರ ಕಸದ ತೊಟ್ಟಿಗಳನ್ನು ಜಾಲಾಡುತ್ತಿತ್ತು. ಆ ಗುಂಪಿನ ನೆರವಿನಿಂದ 1991ರಲ್ಲಿ ಎಬಿಸಿ ವಾಹಿನಿ, ರಾಬರ್ಟ್ ಟಿಲ್ಟನ್‌ಗೆ ಜನ ಬರೆದ ಪ್ರಾರ್ಥನಾ ವಿನಂತಿಗಳು ಟಲ್ಸಾದಲ್ಲಿ ಕಸಕ್ಕೆ ಬಿದ್ದಿರುವುದನ್ನು ತೋರಿಸಿತು. ಲಕೋಟೆಯೊಳಗಿನ ಹಣ ಬ್ಯಾಂಕಿಗೆ ಹೋಗಿತ್ತು. ಟಿಲ್ಟನ್ ಅಲ್ಲಗಳೆದರು, ಮೊಕದ್ದಮೆ ಹೂಡಿದರು, ಗೆಲ್ಲಲಿಲ್ಲ. ಕಾಗದ ಚೂರುಮಾಡುವ ಯಂತ್ರವೊಂದನ್ನು ಕೊಂಡಿಟ್ಟುಕೊಳ್ಳಿ.

ಈ ಕೈಪಿಡಿಯ ಬಗ್ಗೆ ಏನಾದರೂ ಸಂದೇಹವಿದ್ದರೆ ವಿವರವಾಗಿ ಪತ್ರ ಬರೆಯಿರಿ, ಪ್ರತಿಯೊಂದನ್ನೂ ಪ್ರಾರ್ಥನಾಪೂರ್ವಕವಾಗಿ ಓದುತ್ತೇವೆ. ಚೆಕ್ಕನ್ನು ಪತ್ರಕ್ಕೆ ಪಿನ್ ಮಾಡಬೇಡಿ. ಬಿಡಿಸಿ ತೆಗೆಯಲು ಬ್ಯಾಂಕಿನವರಿಗೆ ತೊಂದರೆಯಾಗುತ್ತದೆ.