ಹುಟ್ಟಬಾರದು, ಸಾಯಬಾರದು, ತಂಗಬಾರದು

ರಜೆಗೆಂದು ಊರು ಬಿಡುವ ಗೃಹಸ್ಥನು ಮೊದಲು ಕೋಣೆಯ ಬಾಡಿಗೆಯನ್ನೂ ಆಮೇಲೆ ಊಟದ ವ್ಯವಸ್ಥೆಯನ್ನೂ ಕೊನೆಗೆ, ವ್ಯವಧಾನ ಮಿಕ್ಕಿದ್ದರೆ, ನೋಡತಕ್ಕ ಸ್ಥಳಗಳನ್ನೂ ವಿಚಾರಿಸುವುದು ಪ್ರವಾಸಶಾಸ್ತ್ರದ ಸರ್ವಸಮ್ಮತ ಕ್ರಮವಾಗಿದೆ. ಈ ಕ್ರಮವನ್ನು ತಲೆಕೆಳಗು ಮಾಡುವ ಸ್ಥಳ ಗ್ರೀಸಿನ ಡೆಲೋಸ್. ಏಜಿಯನ್ ಸಮುದ್ರದ ಸೈಕ್ಲಡೀಸ್ ದ್ವೀಪಸಮೂಹದ ನಡುವಿರುವ, ಸುಮಾರು ಮೂರೂವರೆ ಚದರ ಕಿಲೋಮೀಟರ್ ವಿಸ್ತಾರದ, ನೆರಳಿಗೆ ಬಡತನವಿರುವ ಈ ಕಲ್ಲುದ್ವೀಪದಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ; ಕೋಣೆ ಮಾತ್ರ ಒಂದೂ ಇಲ್ಲ. ಪಕ್ಕದ ಮಿಕೊನೊಸ್‌ನಿಂದ ಅರ್ಧ ಗಂಟೆ ದೋಣಿಯಲ್ಲಿ ಬಂದವರು ಅದೇ ದಿನ ದೋಣಿ ಹತ್ತಿ ಹಿಂದಿರುಗಬೇಕು, ಏಕೆಂದರೆ ಸಂದರ್ಶಕರು ಅಲ್ಲಿ ರಾತ್ರಿ ತಂಗುವುದು ನಿಷಿದ್ಧ.

ಇದನ್ನು ಇಂದಿನ ಅಧಿಕಾರಿಗಳ ಹಟವೆಂದು ಭಾವಿಸಿ ಮುನಿಸಿಕೊಳ್ಳುವುದು ಇತಿಹಾಸಕ್ಕೆ ಅನ್ಯಾಯ ಮಾಡಿದಂತಾಗುತ್ತದೆ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಡೆಲೋಸಿನ ಶುದ್ಧಿಕಾರ್ಯವನ್ನು ಸಂಕಲ್ಪಿಸಿ, ಅಲ್ಲಿದ್ದ ಗೋರಿಗಳನ್ನೆಲ್ಲ ಅಗೆಸಿ, ಅಸ್ಥಿಗಳನ್ನು ಎದುರಿನ ರೇನಿಯಾ ದ್ವೀಪಕ್ಕೆ ಸಾಗಿಸಿದರು. ಇನ್ನು ಮುಂದೆ ಡೆಲೋಸಿನಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು, ದಿನ ತುಂಬಿದ ಬಸುರಿಯರನ್ನೂ ಕೊನೆಯುಸಿರಿನಲ್ಲಿರುವವರನ್ನೂ ರೇನಿಯಾಕ್ಕೆ ದಾಟಿಸಿಬಿಡಬೇಕು ಎಂದು ಕಟ್ಟಳೆಯನ್ನೂ ಮಾಡಿದರು. ಪುರುಡು ಮತ್ತು ಸೂತಕ, ಅಂದರೆ ಹೆರಿಗೆಯಿಂದಲೂ ಸಾವಿನಿಂದಲೂ ಒದಗುವ ಮೈಲಿಗೆ, ಕನ್ನಡ ಓದುಗರಿಗೆ ಹೊಸದಲ್ಲ. ಆದರೆ ಹತ್ತು ಹನ್ನೆರಡು ದಿನಗಳಲ್ಲಿ ಸ್ನಾನದಿಂದ ಕಳೆದುಹೋಗುವ ಮೈಲಿಗೆಯನ್ನು ಒಂದಿಡೀ ದ್ವೀಪಕ್ಕೆ ಕಾಲಿಡದಂತೆ ಶಾಶ್ವತವಾಗಿ ತಡೆದು, ಅದಕ್ಕಾಗಿ ದೋಣಿಯನ್ನೂ ಗೊತ್ತುಮಾಡುವ ಧೈರ್ಯ ಇಲ್ಲಿಯ ಧರ್ಮಶಾಸ್ತ್ರಕಾರರಿಗೆ ಬಂದಂತೆ ಕಾಣುವುದಿಲ್ಲ. ಅಗೆದ ಗೋರಿಗಳ ಆಯುಧಗಳನ್ನೂ ಶವ ಹೂಳಿದ ರೀತಿಯನ್ನೂ ಕಂಡು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಏಷ್ಯಾ ಮೈನರಿನ ಕಾರಿಯನ್ ಜನರವು ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಆ ಶುದ್ಧಿಯಿಂದ ಅಥೆನ್ಸಿಗೆ ಪುಣ್ಯ ಬಂದಿತೋ ಇಲ್ಲವೋ, ಪುರಾತತ್ವಶಾಸ್ತ್ರಕ್ಕಂತೂ ಒಂದು ಪಾಠ ಪುಕ್ಕಟೆಯಾಗಿ ದೊರೆಯಿತು.

ಹೆರಿಗೆಯನ್ನು ನಿಷೇಧಿಸಿದ ಈ ದ್ವೀಪ ಪ್ರಸಿದ್ಧವಾದದ್ದೇ ಒಂದು ಹೆರಿಗೆಯಿಂದ ಎಂಬುದು ಗಮನಾರ್ಹ. ಜ್ಯೂಸ್ ದೇವನಿಂದ ಗರ್ಭವತಿಯಾದ ಲೆಟೊಗೆ, ಅವನ ಹೆಂಡತಿ ಹೇರಾಳ ಸಿಟ್ಟಿಗೆ ಹೆದರಿ ಯಾವ ನಾಡೂ ಜಾಗ ಕೊಡಲಿಲ್ಲ. ಆಗ ನೆಲೆಯಿಲ್ಲದೆ ಕಡಲಲ್ಲಿ ತೇಲಾಡುತ್ತಿದ್ದ ಡೆಲೋಸ್, ತನಗಾಗುವ ನಷ್ಟವೇನೂ ಇಲ್ಲವೆಂದು ಯೋಚಿಸಿಯೋ ಏನೋ, ಒಪ್ಪಿಕೊಂಡಿತು. ಲೆಟೊ ಖರ್ಜೂರದ ಜಾತಿಯ ಮರವೊಂದನ್ನು ತಬ್ಬಿಹಿಡಿದು ಅಪೊಲೊನನ್ನು ಹೆತ್ತಳೆಂದೂ ದ್ವೀಪ ಅಂದಿನಿಂದ ಒಂದೆಡೆ ನಿಂತಿತೆಂದೂ ಐತಿಹ್ಯವಿದೆ. ಬಾಣಂತನಕ್ಕೆ ಬಾಗಿಲು ತೆರೆದದ್ದರಿಂದ ಪವಿತ್ರವಾದ ಸ್ಥಳದಲ್ಲಿ, ಆ ಪಾವಿತ್ರ್ಯವನ್ನು ಉಳಿಸುವ ಸಲುವಾಗಿ, ಮಿಕ್ಕ ಬಸುರಿಯರಿಗೆ ಬಾಗಿಲು ಮುಚ್ಚಲಾಯಿತು.

ಕ್ರಿ.ಪೂ. 422ರ ಹೊತ್ತಿಗೆ ಅಥೆನ್ಸಿನವರಿಗೆ, ಸತ್ತವರನ್ನು ಮಾತ್ರ ಹೊರಹಾಕಿದ್ದು ಸಾಲದೆಂದು ತೋರಿ, ಬದುಕಿದ್ದ ಡೆಲೋಸಿಗರನ್ನೂ ಸಾರಾಸಗಟಾಗಿ ಒಕ್ಕಲೆಬ್ಬಿಸಿದರು. ಅಷ್ಟರಲ್ಲಿ ಯುದ್ಧದಲ್ಲಿ ಸೋಲುಗಳು ಒದಗಿ, ಡೆಲ್ಫಿಯ ದೈವವಾಣಿಯೂ ವಿರುದ್ಧವಾಗಿ ನುಡಿದುದರಿಂದ ಮರುವರ್ಷ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಹುಟ್ಟಲೂ ಆಗದ, ಹೂಳಿಸಿಕೊಳ್ಳಲೂ ಆಗದ ಊರು ತಾಯ್ನಾಡಾಗುವುದಾದರೂ ಹೇಗೆ ಎಂದು ಸ್ಪಾರ್ಟಾದವನೊಬ್ಬನು ಡೆಲೋಸಿಗರನ್ನು ಕೆಣಕಿದ್ದಾಗಿ ಪ್ಲುಟಾರ್ಕ್ ದಾಖಲಿಸಿದ್ದಾನೆ. ಹಣದ ಗತಿಯೂ ಬೇರೆಯಾಗಿರಲಿಲ್ಲ. ಪರ್ಷಿಯನ್ನರ ವಿರುದ್ಧ ಕ್ರಿ.ಪೂ. 478ರಲ್ಲಿ ಕೂಡಿಕೊಂಡ ಗ್ರೀಕ್ ನಗರಗಳ ಒಕ್ಕೂಟದ ಖಜಾನೆ ಡೆಲೋಸಿನಲ್ಲಿತ್ತು, ಕ್ರಿ.ಪೂ. 454ರಲ್ಲಿ ಅಥೆನ್ಸಿನವರು ಅದನ್ನು ಸುರಕ್ಷತೆಯ ಹೆಸರಿನಲ್ಲಿ ತಮ್ಮ ಊರಿಗೆ ಒಯ್ದರು, ಆ ಮೇಲೆ ಅದರ ಸುರಕ್ಷತೆಯ ವಿಷಯದಲ್ಲಿ ಚಿಂತಿಸಬೇಕಾದವರು ಉಳಿದ ಸದಸ್ಯರಾದರು.

ರೋಮನ್ನರು ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಡೆಲೋಸನ್ನು ಸುಂಕವಿಲ್ಲದ ಬಂದರನ್ನಾಗಿ ಮಾಡಿದಾಗ ಇಟಲಿ, ಸಿರಿಯಾ, ಈಜಿಪ್ಟುಗಳ ವರ್ತಕರು ತಂತಮ್ಮ ದೇವರುಗಳ ಸಮೇತ ಬಂದಿಳಿದರು. ದಿನವೊಂದಕ್ಕೆ ಹತ್ತಾರು ಸಾವಿರ ಗುಲಾಮರನ್ನು ಇಳಿಸಿ ಮಾರಬಲ್ಲಷ್ಟು ದೊಡ್ಡ ಸಂತೆ ಇದಾಗಿತ್ತೆಂದು ಸ್ಟ್ರಾಬೊ ಹೇಳುತ್ತಾನೆ. ಮೈಲಿಗೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿದ್ದ ನೆಲಕ್ಕೆ ಈ ವ್ಯಾಪಾರ ಮೈಲಿಗೆಯೆನಿಸಲಿಲ್ಲ. ಆ ಕಾಲದ ಸಿರಿವಂತರ ಮನೆಗಳಲ್ಲಿ ಕ್ಲಿಯೋಪಾತ್ರಾಳ ಮನೆ ಎಂಬುದೊಂದಿದ್ದು, ರಾಣಿಯ ನಿರೀಕ್ಷೆಯಲ್ಲಿ ಧಾವಿಸುವವರಿಗೆ ಅಲ್ಲಿ ಸಿಗುವವಳು ಅದೇ ಹೆಸರಿನ ಒಬ್ಬ ಗೃಹಿಣಿ. ತನ್ನ ಗಂಡ ಡಿಯೋಸ್ಕುರಿಡೀಸನು ಅಪೊಲೊನ ಗುಡಿಗೆ ಬೆಳ್ಳಿಯ ಎರಡು ಮುಕ್ಕಾಲಿ ಪೀಠಗಳನ್ನು ಅರ್ಪಿಸಿದನೆಂದು ಅವಳು ಪ್ರತಿಮೆಯ ಕೆಳಗೆ ಕೆತ್ತಿಸಿದ್ದಾಳೆ. ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಬೆಳಕು ಹೊರಬೀಳದಷ್ಟು ದೊಡ್ಡ ಅಕ್ಷರದಲ್ಲಿ ಹೆಸರು ಬರೆಸುವ ದಾನಿಗಳ ಕುಲ ಎಷ್ಟು ಪ್ರಾಚೀನವೆಂಬುದಕ್ಕೆ ಇದು ಆಧಾರ. ದಂಪತಿಗಳ ಪ್ರತಿಮೆಗಳಿಗೆ ಈಗ ತಲೆಗಳಿಲ್ಲ. ದಾನದ ವಿವರ ಮಾತ್ರ ಓದಲು ಸಿಗುತ್ತದೆ.

ಕ್ರಿ.ಪೂ. 88ರಲ್ಲಿ ಮಿತ್ರಿಡೇಟಿಸ್ ದೊರೆಯ ಸೇನೆಯೂ 69ರಲ್ಲಿ ಕಡಲ್ಗಳ್ಳರೂ ಸಾಯಕೂಡದೆಂಬ ಕಟ್ಟಳೆಯನ್ನು ಲೆಕ್ಕಿಸದೆ ಊರನ್ನು ಹಾಳುಗೆಡವಿದರು. ಬಳಿಕ ಅಮೃತಶಿಲೆಯೂ ಹೊರಟುಹೋಯಿತು: ನಾಕ್ಸೊಸಿನವರು ಸಾಲಾಗಿ ನಿಲ್ಲಿಸಿದ್ದ ಸಿಂಹಗಳಲ್ಲೊಂದು ವೆನಿಸಿನ ಹಡಗುಕಟ್ಟೆಯ ಬಾಗಿಲಲ್ಲಿ ಬೇರೊಂದು ತಲೆ ಧರಿಸಿ ಕುಳಿತಿದೆ; ಉಳಿದವು ವಸ್ತುಸಂಗ್ರಹಾಲಯವನ್ನು ಸೇರಿ, ಬಯಲಲ್ಲಿ ಬಿಸಿಲು ಕಾಯುವ ಕೆಲಸ ನಕಲುಗಳ ಪಾಲಾಗಿದೆ. ಪವಿತ್ರ ಸರೋವರದ ನೀರನ್ನು ಮಲೇರಿಯಾದ ಭಯದಿಂದ 1920ರ ದಶಕದಲ್ಲಿ ಬತ್ತಿಸಲಾಯಿತು.

ಇಷ್ಟೆಲ್ಲವನ್ನು ಸಾಗಹಾಕಿದ ದ್ವೀಪ ಪ್ರವಾಸಿಗೆ ಕೆಲವು ಗಂಟೆಗಳನ್ನಾದರೂ ಕೊಡುತ್ತಿರುವುದು ಔದಾರ್ಯವೆಂದೇ ಪರಿಗಣಿಸತಕ್ಕದ್ದು. ಗಾಳಿಯ ಒಪ್ಪಿಗೆಯೂ ಬೇಕೆಂಬುದು ನಿಜ. ಮೆಲ್ಟೆಮಿ ಎಂಬ ಬೇಸಗೆಯ ಉತ್ತರದ ಗಾಳಿ ಬೀಸಿದ ದಿನ ದೋಣಿಗಳು ಹೊರಡುವುದಿಲ್ಲ. ಅಥೆನ್ಸಿನಿಂದ ಡೆಲೋಸಿಗೆ ಹೋದ ಪವಿತ್ರ ನೌಕೆ ಮರಳುವವರೆಗೆ ಯಾರ ಮರಣದಂಡನೆಯನ್ನೂ ಜಾರಿಗೊಳಿಸಬಾರದೆಂಬ ನಿಯಮದಿಂದ ಕ್ರಿ.ಪೂ. 399ರಲ್ಲಿ ಸಾಕ್ರಟಿಸ್‌ಗೆ ಸುಮಾರು ಒಂದು ತಿಂಗಳ ಆಯುಸ್ಸು ಹೆಚ್ಚಿಗೆ ಸಿಕ್ಕಿತು. ದೋಣಿ ತಡವಾದುದರಿಂದ ಲಾಭ ಪಡೆದ ಪ್ರಯಾಣಿಕರು ಅನಂತರ ಹೆಚ್ಚು ಮಂದಿ ಇದ್ದಂತಿಲ್ಲ. ಆದ್ದರಿಂದ ಡೆಲೋಸಿಗೆ ಹೋಗಬಯಸುವವರು ಮಿಕೊನೊಸ್‌ನಲ್ಲಿ ಕೋಣೆ ಹಿಡಿದು, ಟೋಪಿಯನ್ನೂ ಕುಡಿಯುವ ನೀರನ್ನೂ ಜೊತೆಗಿಟ್ಟುಕೊಂಡು, 112 ಮೀಟರ್ ಎತ್ತರದ ಕಿಂಥೊಸ್ ಗುಡ್ಡವನ್ನು ಹತ್ತುವ ಮೊದಲೇ ಕೊನೆಯ ದೋಣಿಯ ಹೊತ್ತನ್ನು ಕೇಳಿಟ್ಟುಕೊಳ್ಳುವುದು ಕ್ಷೇಮ.