ಎಂಬತ್ತರ ಮಗ್ಗಿ

ನಮ್ಮ ಬಳ್ಳಾರಿ ಕಡೆ ಯಾರದಾದರೂ ಮಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು ಎಂದು ಗೊತ್ತಾದರೆ ಜನ ಸಿಹಿ ಕೇಳುವುದಿಲ್ಲ, ಸಂಬಳ ಕೇಳುತ್ತಾರೆ. ಹೇಳಿದ ಕೂಡಲೇ ಗುಣಿಸುತ್ತಾರೆ. ಹನ್ನೆರಡರ ಮಗ್ಗಿಗೆ ಹೆದರಿ ಶಾಲೆ ಬಿಟ್ಟವರೂ ಡಾಲರಿನ ಮಗ್ಗಿಯನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ನನ್ನ ಅಕ್ಕನ ಮಗನಿಗೆ ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿ ಕೆಲಸ ಗಟ್ಟಿಯಾದದ್ದು 2022ರಲ್ಲಿ. ಡಾಲರು ಮೊದಲ ಸಲ 80 ರೂಪಾಯಿ ಮುಟ್ಟಿದ ವರ್ಷ ಅದು. ಇದರಿಂದ ದೇಶದ ಖಜಾನೆಗೆ ಏನು ತೊಂದರೆಯಾಯಿತೋ, ನಮ್ಮ ಮನೆಯವರಿಗೆ ಮಾತ್ರ ಬಹಳ ಅನುಕೂಲವಾಯಿತು. ಎಪ್ಪತ್ತೇಳೂವರೆಯಿಂದ ಗುಣಿಸುವುದು ತಲೆನೋವು. ಎಂಟರಿಂದ ಗುಣಿಸಿ ಪಕ್ಕಕ್ಕೊಂದು ಸೊನ್ನೆ ಹಚ್ಚುವುದು ಯಾರಿಗೂ ಬರುತ್ತದೆ.

ಸಂಬಳ ವರ್ಷಕ್ಕೆ 90,000 ಡಾಲರ್. ಅಂದರೆ 72 ಲಕ್ಷ ರೂಪಾಯಿ. ತಿಂಗಳಿಗೆ 6 ಲಕ್ಷ.

ಈ ಆರು ಲಕ್ಷ ಕುರುಗೋಡಿನ ಅಕ್ಕನ ಮನೆಯಿಂದ ಹೊರಬಿದ್ದು ದೊಡ್ಡಬಸವೇಶ್ವರ ಗುಡಿಯ ಕಟ್ಟೆ ಮುಟ್ಟುವಷ್ಟರಲ್ಲಿ ಎಂಟು ಲಕ್ಷವಾಗಿತ್ತು. ಸಿರುಗುಪ್ಪ ತಲುಪುವಾಗ ಹತ್ತಾಗಿತ್ತು. ಬಳ್ಳಾರಿಯಲ್ಲಿ ನಮ್ಮ ಪಕ್ಕದ ಮನೆಯವರು, "ನಿಮ್ಮ ಅಳಿಯಗ ಒಂದು ಕೋಟಿ ಅಂತಲ್ರೀ?" ಎಂದು ಕೇಳಿದಾಗ ನಾನು ಇಲ್ಲವೆನ್ನಲಿಲ್ಲ. ಬೆಲೆ ಏರಿಕೆಯ ಬಗ್ಗೆ ಕಾಲೇಜಿನಲ್ಲಿ ವರ್ಷಗಟ್ಟಲೆ ಅರ್ಥಶಾಸ್ತ್ರದ ಪಾಠ ಹೇಳಿದವನು ನಾನು. ಸಂಬಳ ಕೂಡ ಬಾಯಿಂದ ಬಾಯಿಗೆ ಏರುತ್ತದೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಸಿರುಗುಪ್ಪದ ಚಿಕ್ಕಪ್ಪನಿಗೆ ರೂಪಾಯಿಯ ಮೇಲೆ ಅಂಥ ನಂಬಿಕೆಯಿಲ್ಲ. ಅವರ ನಾಣ್ಯ 75 ಕೆಜಿಯ ಭತ್ತದ ಚೀಲ. ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವವರೆಲ್ಲ ಮಾತಾಡುವುದು ಈ ಚೀಲದಲ್ಲೇ. ಆ ವರ್ಷ ಎ ದರ್ಜೆ ಭತ್ತಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 2,060 ರೂಪಾಯಿ. ಚೀಲಕ್ಕೆ 1,545 ಆಯಿತು. ಚಿಕ್ಕಪ್ಪ ಕ್ಯಾಲೆಂಡರಿನ ಹಿಂಬದಿಗೆ ಭಾಗಾಕಾರ ಹಾಕಿ, ಕನ್ನಡಕ ಸರಿಮಾಡಿಕೊಂಡು, "ತಿಂಗಳಿಗೆ ಮುನ್ನೂರ ಎಂಬತ್ತೆಂಟು ಚೀಲ ಆತಪಾ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಎಕರೆಗೆ ನಲವತ್ತು ಚೀಲದ ಲೆಕ್ಕ ಹಿಡಿದರೂ ಅದು ಹತ್ತೆಕರೆಯ ಬೆಳೆ. ಅದೂ ತಿಂಗಳಿಗೊಮ್ಮೆ. ನಾಟಿ ಇಲ್ಲ, ಕಳೆ ಇಲ್ಲ, ಗೊಬ್ಬರದಂಗಡಿಯ ಉದ್ರಿ ಇಲ್ಲ, ಡ್ಯಾಮಿನ ನೀರಿಗೆ ಕಾಯುವುದಂತೂ ಇಲ್ಲವೇ ಇಲ್ಲ. "ಲೇ ತಮ್ಮಾ, ಆ ಎಡಿಸನ್ನಿನಾಗ ಹೊಲ ಎಕರೆಗೆ ಎಷ್ಟೈತಿ ಕೇಳು" ಎಂದರು.

ಇಷ್ಟೆಲ್ಲ ಆಗುವಾಗ ಮನೆಯಲ್ಲಿದ್ದ ಒಬ್ಬನೇ ಅರ್ಥಶಾಸ್ತ್ರದ ಮೇಷ್ಟ್ರನ್ನು ಯಾರೂ ಏನೂ ಕೇಳಲಿಲ್ಲ. ಆದರೂ ನಾನೇ ಬಾಯಿ ಹಾಕಿದೆ. ಡಾಲರನ್ನು ಬ್ಯಾಂಕಿನ ದರದಲ್ಲಿ ಗುಣಿಸಿದರೆ ಸಿಗುವುದು ಬ್ಯಾಂಕಿನ ಉತ್ತರ, ಜೀವನದ ಉತ್ತರವಲ್ಲ. ಒಂದು ಡಾಲರಿಗೆ ಅಲ್ಲಿ ಸಿಗುವಷ್ಟೇ ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂದು ನೋಡಬೇಕು. ಇದಕ್ಕೆ ಕೊಳ್ಳುವ ಶಕ್ತಿಯ ಸಮಾನತೆ ಎನ್ನುತ್ತಾರೆ. ವಿಶ್ವಬ್ಯಾಂಕಿನವರು ನೂರಕ್ಕೂ ಹೆಚ್ಚು ದೇಶಗಳ ಅಂಗಡಿ ಬೆಲೆ ಜೋಡಿಸಿ ಈ ಲೆಕ್ಕ ತೆಗೆಯುತ್ತಾರೆ. 2017ರಲ್ಲಿ ಡಾಲರಿನ ಬ್ಯಾಂಕ್ ದರ 65 ರೂಪಾಯಿಯ ಆಸುಪಾಸು ಇತ್ತು. ಈ ಲೆಕ್ಕದಲ್ಲಿ ಬಂದದ್ದು ಬರೀ 20.65 ರೂಪಾಯಿ. ಆ ದರದಲ್ಲಿ 90,000 ಡಾಲರ್ ಎಂದರೆ ಹದಿನೆಂಟೂವರೆ ಲಕ್ಷ. ಹುಡುಗ ಆಗಲೇ ಬೆಂಗಳೂರಿನಲ್ಲಿ 16 ಲಕ್ಷ ತೆಗೆದುಕೊಳ್ಳುತ್ತಿದ್ದ. "ಎರಡೂವರೆ ಲಕ್ಷದ ಹೆಚ್ಚಳಕ್ಕೆ ಏಳು ಸಮುದ್ರ ದಾಟ್ತಾನ, ನೋಡ್ರಿ" ಎಂದೆ.

ಅಕ್ಕ ನನ್ನನ್ನು ನೋಡಿದ ನೋಟ ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನದಂತಿತ್ತು. "ಎಪ್ಪತ್ತೆರಡು ಲಕ್ಷ ಇದ್ದದ್ದು ಕೂತಲ್ಲೇ ಹದಿನೆಂಟು ಮಾಡಿದೆಲ್ಲೋ! ನಿನ್ನ ಕಡೆ ಓದಿದ ಹುಡುಗ್ರು ಇನ್ನೂ ಕೆಲಸ ಹುಡಕ್ತಿರೋದು ಇದಕ್ಕ" ಎಂದಳು.

ಹಾಗೆ ನೋಡಿದರೆ ನಮ್ಮ ರೂಪಾಯಿಗೂ ಮರ್ಯಾದೆಯ ಕಾಲವೊಂದಿತ್ತು. ಇಂದು ಜನ ದಿರಮ್ಮಿಗೆ, ದಿನಾರಿಗೆ ಹಂಬಲಿಸಿ ವಿಮಾನ ಹತ್ತುವ ದುಬೈ, ಕುವೈತ್, ಕತಾರ್‌ಗಳಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದದ್ದು ಭಾರತದ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಅವರಿಗಾಗಿಯೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿಯನ್ನು ನಾವು 7.50ಕ್ಕೆ ಇಳಿಸಿದೆವು. ಉಳಿದುಕೊಂಡಿದ್ದ ಗಲ್ಫ್ ಊರುಗಳೂ ಒಂದೊಂದಾಗಿ ಕೈಬಿಟ್ಟವು. ಇದನ್ನು ಹೇಳಿದಾಗ ಚಿಕ್ಕಪ್ಪ, "ಅವಾಗ ಹೋಗಿದ್ರ ಗುಣಸೋ ತ್ರಾಸೇ ಇರತಿರಲಿಲ್ಲ" ಎಂದು ಹಲುಬಿದರು.

ಗುಣಿಸದೆ ಪರನಾಡಿಗೆ ಹೋದವರು ನಮ್ಮ ಮನೆತನದಲ್ಲೇ ಇದ್ದಾರೆ. ನಮ್ಮಜ್ಜ 1953ರ ಸೆಪ್ಟೆಂಬರ್ 30ರ ರಾತ್ರಿ ಸಿರುಗುಪ್ಪದಲ್ಲಿ ಮದ್ರಾಸ್ ರಾಜ್ಯದವನಾಗಿ ಮಲಗಿ, ಅಕ್ಟೋಬರ್ 1ರ ಬೆಳಿಗ್ಗೆ ಮೈಸೂರು ರಾಜ್ಯದವನಾಗಿ ಎದ್ದ. ವೀಸಾ ಇಲ್ಲ, ಟಿಕೆಟ್ ಇಲ್ಲ, ಹಾಸಿಗೆ ಕೂಡ ಅದೇ. ಹಳೆಯ ಜಿಲ್ಲೆಯ ಏಳು ತಾಲ್ಲೂಕು ಈಚೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಮರುದಿನ ಯಾರ ಕೂಲಿಯೂ ಏರಲಿಲ್ಲ, ಜೋಳದ ರೇಟೂ ಇಳಿಯಲಿಲ್ಲ. ಹೀಗೆ ಹೋಲಿಸಲು ಏನೂ ಇಲ್ಲದ ವಲಸೆಯ ಸುಖವನ್ನು ಈಗಿನ ಹುಡುಗರು ಕಂಡಿಲ್ಲ.

ಅಂತೂ ಅಳಿಯ ಹೋದ. ಹೋದ ಮೇಲೆ ಮಗ್ಗಿ ತಿರುಗಿತು. ಇಲ್ಲಿದ್ದಾಗ ಆದಾಯಕ್ಕೆ ಎಂಬತ್ತು ಹಚ್ಚುತ್ತಿದ್ದವನು ಅಲ್ಲಿ ಖರ್ಚಿಗೆ ಹಚ್ಚಲು ಶುರುಮಾಡಿದ. ಒಂದು ಕೋಣೆಯ ಮನೆಗೆ ಬಾಡಿಗೆ 2,000 ಡಾಲರ್ ಎಂದು ಫೋನಿನಲ್ಲಿ ಹೇಳಿದಾಗ ಅಕ್ಕನೇ ಸೊನ್ನೆ ಹಚ್ಚಿದಳು. "ಒಂದು ಲಕ್ಷ ಅರವತ್ತು ಸಾವಿರ! ಅಷ್ಟಕ್ಕ ಕುರುಗೋಡಿನಾಗ ಇಡೀ ಓಣಿ ಬಾಡಿಗಿಗೆ ಸಿಗತೈತಿ." ಸಂಬಳ ಕೈಗೆ ಬರುವ ಮೊದಲೇ ಸರ್ಕಾರದ ಆದಾಯ ತೆರಿಗೆ, ಅದರ ಮೇಲೆ ಸೋಷಿಯಲ್ ಸೆಕ್ಯುರಿಟಿ ಎಂದು ನೂರಕ್ಕೆ 6.2, ಮೆಡಿಕೇರ್ ಎಂದು 1.45, ಆಮೇಲೆ ಆರೋಗ್ಯ ವಿಮೆ. ವಿಮೆ ಕಟ್ಟಿದ ಮೇಲೂ ಡಾಕ್ಟರ ಹತ್ತಿರ ಹೋಗಲು ಹೆದರಿಕೆ. ಮೊದಲ ಕೆಲವು ಸಾವಿರ ಡಾಲರು ಕೈಯಿಂದಲೇ ಹೋಗಬೇಕಂತೆ. ಇದನ್ನು ಕೇಳಿ ಚಿಕ್ಕಪ್ಪ ತಮ್ಮ ಬೆಳೆ ವಿಮೆಯನ್ನು ನೆನೆಸಿಕೊಂಡು, "ವಿಮಾ ಅನ್ನೋದು ಎಲ್ಲಾ ದೇಶದಾಗೂ ಹಿಂಗ ಏನು?" ಎಂದು ಸಮಾಧಾನಪಟ್ಟರು.

ಎಲ್ಲಕ್ಕಿಂತ ದೊಡ್ಡ ಹೊಡೆತ ಬಿದ್ದದ್ದು ತಲೆಗೆ. ಕ್ಷೌರಕ್ಕೆ 25 ಡಾಲರ್, ಮೇಲೆ ಟಿಪ್ಸ್ 5. ಒಟ್ಟು 2,400 ರೂಪಾಯಿ. ಹುಡುಗ ಕುರ್ಚಿಯಲ್ಲಿ ಕೂತು ಕತ್ತರಿಯ ಪ್ರತಿ ಕಚಕಚಕ್ಕೂ ಎಂಟೆಂಟು ರೂಪಾಯಿ ಬಿದ್ದಂತೆ ಎಣಿಸುತ್ತಿದ್ದನಂತೆ. ನಮ್ಮ ಬೀದಿಯ ಸೆಲೂನಿನಲ್ಲಿ ಇದನ್ನು ಹೇಳಿದೆ. ಕಟಿಂಗ್ ಮಾಡುತ್ತಿದ್ದವನು ಕತ್ತರಿ ಎತ್ತಿ ಹಿಡಿದು, "ಸಾರ್, ನಾನೂ ಅದೇ ಕತ್ತರಿ ಹಿಡದೀನಿ, ನೂರು ರೂಪಾಯಿ ಕೊಡಾಕ ನೀವು ಚಿಲ್ಲರೆ ಹುಡಕ್ತೀರಿ" ಎಂದ.

ಅವನ ಪ್ರಶ್ನೆ ಸಣ್ಣದಲ್ಲ. 1964ರಲ್ಲಿ ಬೇಲಾ ಬಲಾಸ್ಸ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಪಂಡಿತರು ಬೇರೆಬೇರೆಯಾಗಿ ಉತ್ತರ ಕೊಟ್ಟದ್ದು ಇದಕ್ಕೇ. ಹಡಗು ಹತ್ತುವ ಸಾಮಾನಿನ ಬೆಲೆ ದೇಶದಿಂದ ದೇಶಕ್ಕೆ ತೀರಾ ದೂರ ಹೋಗುವುದಿಲ್ಲ. ಆದರೆ ಕ್ಷೌರ ಹಡಗು ಹತ್ತುವುದಿಲ್ಲ. ಕಾರ್ಖಾನೆಯಲ್ಲಿ ಯಂತ್ರಗಳ ಬಲದಿಂದ ಹೆಚ್ಚು ದುಡಿಯುವ ದೇಶದಲ್ಲಿ ಕೂಲಿ ಏರುತ್ತದೆ. ಅಷ್ಟು ಕೊಡದಿದ್ದರೆ ಕ್ಷೌರಿಕನೂ ಕಾರ್ಖಾನೆಗೆ ಹೋಗಿಬಿಡುತ್ತಾನೆ. ಹಾಗಾಗಿ ಅಲ್ಲಿ ಕತ್ತರಿಯ ಕೂಲಿಯೂ ಏರುತ್ತದೆ. ನಮ್ಮಲ್ಲಿ ಕೈಕೆಲಸ ಅಗ್ಗ. ಅಮೆರಿಕದ ಒಕ್ಕೂಟ ಸರ್ಕಾರ 2009ರಿಂದ ಇಟ್ಟಿರುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ 2024-25ರಲ್ಲಿ ದಿನಕ್ಕೆ 349 ರೂಪಾಯಿ. ಅವರ ಒಂದು ಗಂಟೆಯ ಕೆಳಗೆ ನಮ್ಮ ಒಂದು ದಿನ ಹಿಡಿಸುತ್ತದೆ. ನಾವು ಅಗ್ಗದ ಊರು ಎಂದು ಹೆಮ್ಮೆ ಪಡುವಾಗ ಯಾರನ್ನು ಅಗ್ಗ ಮಾಡಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಅವತ್ತು ನಾನು ನೂರರ ಮೇಲೆ ಇಪ್ಪತ್ತು ಕೊಟ್ಟೆ. ಅವನು ಅನುಮಾನದಿಂದ ನೋಡಿ ಇಪ್ಪತ್ತು ವಾಪಸ್ ಕೊಟ್ಟ.

ಹಡಗು ಹತ್ತುವ ಸಾಮಾನು ಎಂದರೆ ನಮ್ಮ ಅಕ್ಕಿ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಅಮೆರಿಕದ ಇಂಡಿಯನ್ ಅಂಗಡಿಗಳ ಮುಂದೆ ಜನ ಸಾಲು ಹಚ್ಚಿದರು. ಸೋನಾ ಮಸೂರಿಯ ಇಪ್ಪತ್ತು ಪೌಂಡಿನ ಚೀಲ ಮನೆಗೊಂದೇ ಎಂದು ಬೋರ್ಡು ಬಿತ್ತು. ನಮ್ಮ ಇಂಜಿನಿಯರ್ ಅಳಿಯ ಸಾಲಿನಲ್ಲಿ ನಿಂತೇ ವಿಡಿಯೋ ಕಾಲ್ ಮಾಡಿದ. ಚಿಕ್ಕಪ್ಪ ಪಂಚೆ ಮೇಲೆತ್ತಿಕೊಂಡು ಅಂಗಳಕ್ಕೆ ಬಂದು ಫೋನನ್ನು ಒಟ್ಟಿದ ಭತ್ತದ ಚೀಲಗಳ ಕಡೆ ತಿರುಗಿಸಿದರು. "ನೋಡಲೇ, ಇಲ್ಲಿ ಬಿದ್ದಾವು. ಬರ್ತೀಯೇನು?" ಹುಡುಗ ಆಚೆಯಿಂದ, "ತಾತ, ಒಂಬತ್ತು ಕೆಜಿ ಸಿಕ್ಕರ ಸಾಕಾಗೈತಿ" ಎಂದ. ತಿಂಗಳಿಗೆ ಮುನ್ನೂರ ಎಂಬತ್ತೆಂಟು ಚೀಲದ ಒಡೆಯ ಒಂದು ಚೀಲಕ್ಕೆ ಸಾಲಿನಲ್ಲಿ ನಿಂತದ್ದನ್ನು ಕಂಡ ಮೇಲೆ ಚಿಕ್ಕಪ್ಪ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುವುದನ್ನು ಬಿಟ್ಟರು.

ಅದಕ್ಕೂ ಮೊದಲೇ, ಅದೇ ವರ್ಷದ ಜೂನ್ 11ರಂದು, ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿತ್ತು. ಅಕ್ಕ ಕುರುಗೋಡಿನಿಂದ ಬಳ್ಳಾರಿಗೆ ಬರುವುದು ವಾರಕ್ಕೆರಡು ಸಲವಾಯಿತು. ಮಗ ಅಲ್ಲಿ ಕಾರಿನ ಸಾಲ, ಕಾರಿನ ವಿಮೆ, ರಸ್ತೆಯ ಟೋಲು ಎಂದು ಗೋಳಿಟ್ಟಾಗ ಇವಳು ಸೊನ್ನೆ ಬೆಲೆಯ ಟಿಕೆಟ್ಟನ್ನು ಕ್ಯಾಮೆರಾದ ಮುಂದೆ ಹಿಡಿದಳು. "ಇದನ್ನ ನಿನ್ನ ಎಂಬತ್ತರಿಂದ ಗುಣಸು ನೋಡೋಣ." ಯಾವ ವಿನಿಮಯ ದರಕ್ಕೂ ಜಗ್ಗದ ಏಕೈಕ ಸಂಖ್ಯೆಯನ್ನು ಅಕ್ಕ ಬಸ್ಸಿನಲ್ಲಿ ಕಂಡುಹಿಡಿದಿದ್ದಳು.

ಮಗ್ಗಿಯ ಮೂರನೆಯ ಅವತಾರ ಕಂಡದ್ದು ಅವನು ರಜೆಗೆ ಬಂದಾಗ. ಈ ಸಲ ಭಾಗಾಕಾರ. ಒಗ್ಗರಣಿ ಮಿರ್ಚಿ ತಿಂದರೆ "ಅರ್ಧ ಡಾಲರೂ ಇಲ್ಲ!" ಬಳ್ಳಾರಿಯಲ್ಲೇ ಹೊಲಿದ ಜೀನ್ಸು 600 ರೂಪಾಯಿ ಎಂದರೆ "ಬರೀ ಏಳು ಡಾಲರ್!" ಎಂದು ಐದು ಕೊಂಡ. ಆಟೋದವನ ಹತ್ತಿರ ಚೌಕಾಸಿ ಮಾಡಲಿಲ್ಲ. ಹೀಗೆ ಎಲ್ಲವನ್ನೂ ಭಾಗಿಸುತ್ತ ಹೋದವನು ಸೈಟು ನೋಡಲು ಹೋದಾಗ ಮಾತ್ರ ಶೇಷವಾಗಿ ಮರಳಿದ. ಬ್ರೋಕರು ಹುಡುಗನ ಬೂಟು ನೋಡಿದ, ಉಚ್ಚಾರ ಕೇಳಿದ, ಚದರಡಿಯ ರೇಟನ್ನು ಮನಸ್ಸಿನಲ್ಲೇ ಡಾಲರಿಗೆ ಕಟ್ಟಿದ. ಹಡಗು ಹತ್ತದ ಇನ್ನೊಂದು ವಸ್ತು ನೆಲ.

ಇಷ್ಟಾದ ಮೇಲೆ ನನಗೆ ತಿಳಿದದ್ದು ಇಷ್ಟೆ. ಎಂಬತ್ತರ ಮಗ್ಗಿ ಸುಳ್ಳಲ್ಲ, ಇಪ್ಪತ್ತರ ಮಗ್ಗಿಯೂ ಸುಳ್ಳಲ್ಲ. ಅಲ್ಲಿ ದುಡಿದು ಅಲ್ಲೇ ತಿಂದು ಮುಗಿಸುವ ಡಾಲರಿನ ಬೆಲೆ ಇಪ್ಪತ್ತು ಚಿಲ್ಲರೆ ರೂಪಾಯಿ. ತಿನ್ನದೆ ಊರಿಗೆ ಕಳಿಸುವ ಡಾಲರಿನ ಬೆಲೆ ಪೂರಾ ಎಂಬತ್ತು. ಒಂದೇ ಸಂಬಳದ ಪ್ಯಾಕೆಟ್ಟಿನಲ್ಲಿ ಎರಡು ಬೆಲೆಯ ನೋಟು. ಅದಕ್ಕೇ ಅಲ್ಲಿ ಮೂರು ಹುಡುಗರು ಒಂದು ಮನೆ ಹಿಡಿದು, ಮನೆಯಲ್ಲೇ ಅನ್ನ ಮಾಡಿ, ತಲೆಗೂದಲು ಒಬ್ಬರದೊಬ್ಬರು ಕತ್ತರಿಸುತ್ತಾರೆ. ಅದು ಜಿಪುಣತನವಲ್ಲ, ಇಪ್ಪತ್ತನ್ನು ಎಂಬತ್ತು ಮಾಡುವ ರಸವಿದ್ಯೆ. ಮದುವೆಯಾಗಿ, ಮಕ್ಕಳಾಗಿ, ಅಲ್ಲಿಯೇ ಮನೆ ಕೊಂಡ ದಿನ ಎಲ್ಲ ನೋಟೂ ಇಪ್ಪತ್ತರವೇ ಆಗುತ್ತವೆ. ಆಮೇಲೆ ಗುಣಿಸುವುದರಲ್ಲಿ ಅರ್ಥವಿಲ್ಲ.

ಈ ತತ್ವವನ್ನು ಜಗತ್ತಿಗೆ ಸಾರಬೇಕೆಂದಿದ್ದೆ. ಅಷ್ಟರಲ್ಲಿ ಹುಡುಗನಿಗೆ ಹೆಣ್ಣು ಕೊಡುವವರು ಬಂದರು. ಅವರು 1953ರಲ್ಲಿ ಆಚೆ ಹೋದ ಆದೋನಿಯವರು, ಹತ್ತಿ ವ್ಯಾಪಾರದವರು. ಅವರು ಬರುವ ಮೊದಲೇ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ಇವತ್ತೊಂದು ದಿನ ನಿನ್ನ ಇಪ್ಪತ್ತರ ಲೆಕ್ಕ ಕಿಸೆದಾಗಿಟ್ಕೋ" ಎಂದು ಆಣೆ ಹಾಕಿಸಿದಳು. ಚಿಕ್ಕಪ್ಪ ಸಭೆಯ ನಡುವೆ ಗಂಟಲು ಸರಿಮಾಡಿಕೊಂಡು, ಡಾಲರು ಆಗಲೇ ಎಂಬತ್ನಾಲ್ಕು ದಾಟಿದ್ದನ್ನು ತಾವೇ ದಾಟಿಸಿದಂತೆ ವರ್ಣಿಸಿ, ಲಕ್ಷಗಳನ್ನು ಒಂದರ ಮೇಲೊಂದು ಒಟ್ಟಿದರು. ನಾನೂ ತಲೆಯಾಡಿಸಿದೆ.

ಹೆಣ್ಣಿನ ತಂದೆ ಚಹಾದ ಲೋಟ ಕೆಳಗಿಟ್ಟರು. ಜೀವಮಾನವೆಲ್ಲ ಹತ್ತಿ ತೂಗಿ ಪೂರಾ ತೂಕದಲ್ಲಿ ಕಸ, ನೀರು, ಬೀಜ ಕಳೆದು ಲೆಕ್ಕ ಹಿಡಿದವರು. ನಮ್ಮ ಯಾರ ಕಡೆಯೂ ನೋಡದೆ ಹುಡುಗನನ್ನೇ ಕೇಳಿದರು.

"ಅದೆಲ್ಲಾ ಇರ್ಲಿ ಅಳಿಯಂದ್ರೇ, ತಿಂಗಳಾ ಕೊನಿಗೆ ಕೈಯಾಗ ಎಷ್ಟು ಉಳಿತೈತಿ?"

ಹುಡುಗ ಬಹಳ ವಿನಯದಿಂದ ಕೇಳಿದ, "ಅಕ್ಕಿ ತಗೊಳ್ಳೋಕ ಮೊದಲಾ, ತಗೊಂಡ ಮೇಲಾ ರೀ?"